ಹಸಿದ ಹಕ್ಕಿಗೆ ಹೊಟ್ಟೆ ತುಂಬ ತಿನ್ನಿಸಬಾರದಾ?

ಪ್ರಶ್ನೆ: ರೆಕ್ಕೆಗೆ ಪೆಟ್ಟಾಗಿ ಎಷ್ಟೋ ದಿನದಿಂದ ಉಪವಾಸವಿದ್ದ ಪಾರಿವಾಳವೊಂದು ಸಿಕ್ಕಿತು. ಎದೆಮೂಳೆ ಚೂಪಾಗಿ ಕೈಗೆ ತಾಗುತ್ತಿತ್ತು. ಪಾಪ ಅನ್ನಿಸಿ ಕಾಳು ತುಂಬ ತಿನ್ನಿಸಿದೆ. ಬೆಳಗ್ಗೆ ಸತ್ತುಹೋಗಿತ್ತು. ನನ್ನಿಂದ ತಪ್ಪಾಯಿತಾ?

ಉತ್ತರ: ನಿಮ್ಮ ಮನಸ್ಸು ಒಳ್ಳೆಯದು, ಬೇಜಾರು ಮಾಡಿಕೊಳ್ಳಬೇಡಿ. ಪೆಟ್ಟೂ ಕಾರಣವಿರಬಹುದು. ಆದರೆ ಒಂದೇ ಸಲ ಜಾಸ್ತಿ ತಿನ್ನಿಸಿದ್ದು ಖಂಡಿತ ಹೊರೆಯಾಗಿರುತ್ತದೆ.

ಪ್ರಯೋಗಾಲಯದಲ್ಲಿ ಹಕ್ಕಿಗಳ ಯಕೃತ್ತು, ಸ್ನಾಯು ಅರೆದು ಕಿಣ್ವ (ದೇಹದೊಳಗಿನ ರಾಸಾಯನಿಕ ಕೆಲಸಗಳನ್ನು ಚುರುಕಾಗಿಸುವ ಪ್ರೋಟೀನ್) ಅಳೆಯುತ್ತಾ ನಾನು ಬಹಳ ವರ್ಷ ಕಳೆದಿದ್ದೇನೆ. ಉಪವಾಸ ಬಿದ್ದ ಹಕ್ಕಿಯಲ್ಲಿ ಎಲ್ಲ ಕಿಣ್ವವೂ ಕುಗ್ಗುವುದಿಲ್ಲ. ಮೊದಲು ಕುಸಿಯುವುದು ಯಕೃತ್ತಿನಲ್ಲಿ ಕೊಬ್ಬು ಕಟ್ಟುವ ಕಿಣ್ವಗಳು. ತಿನ್ನಲು ಇಲ್ಲದಾಗ ಕೂಡಿಡುವುದು ಯಾಕೆ, ಅಲ್ವಾ? ಕೂಡಿಟ್ಟ ಕೊಬ್ಬನ್ನು ಒಡೆದು ಉರಿಸುವ ಕೆಲಸ ಮಾತ್ರ ಜೋರಾಗುತ್ತದೆ. ಗಂಡು ಎಂಪರರ್ ಪೆಂಗ್ವಿನ್ ಅಂಟಾರ್ಕ್ಟಿಕಾದ ಚಳಿಯಲ್ಲಿ ಜೋಡಿ ಕಟ್ಟುವುದರಿಂದ ಹಿಡಿದು ಮೊಟ್ಟೆಗೆ ಕಾವು ಕೊಟ್ಟು ಮುಗಿಸುವವರೆಗೆ ಸುಮಾರು 115 ದಿನ ಏನೂ ತಿನ್ನದೆ ಇರುವುದು ಈ ಕೊಬ್ಬಿನ ಬಲದಿಂದಲೇ. ಅಷ್ಟರಲ್ಲಿ ಅದರ ತೂಕ ಹೆಚ್ಚುಕಡಿಮೆ 40% ಇಳಿದಿರುತ್ತದೆ.

ಕೊಬ್ಬು ತೀರಾ ಕಡಿಮೆಯಾದರೆ ಸ್ನಾಯುವಿನ ಪ್ರೋಟೀನ್ ಕರಗಲು ಶುರು. ಎದೆಯ ಮಾಂಸ ಇಳಿದು ಮೂಳೆ ಚೂಪಾಗುವುದು ಹೀಗೆ. ಆ ಪ್ರೋಟೀನಿನಿಂದ ಯಕೃತ್ತು, ಮೂತ್ರಪಿಂಡಗಳು ಸಕ್ಕರೆ ತಯಾರಿಸುತ್ತವೆ. ಉಳಿದ ಸಾರಜನಕ ಯೂರಿಕ್ ಆಮ್ಲವಾಗಿ, ಹಿಕ್ಕೆಯ ಬಿಳಿ ಭಾಗವಾಗಿ ಹೊರಬರುತ್ತದೆ.

ಇಲ್ಲಿ ಮೋಸಹೋಗುವುದು ಸುಲಭ. ಒಂದು ಗ್ರಾಂ ಅಂಗಾಂಶ ಅಳೆದರೆ ಕಿಣ್ವ ಮೊದಲಿನಷ್ಟೇ ಕಾಣಬಹುದು. ಆದರೆ ಅಂಗವೇ ಸಣ್ಣದಾಗಿರುತ್ತದೆ. ಇಡೀ ಅಂಗದ ತೂಕದಿಂದ ಗುಣಿಸಿದಾಗಲೇ ನಷ್ಟ ಎಷ್ಟೆಂದು ತಿಳಿಯುವುದು. ನಾನು ಶುರುವಿನಲ್ಲಿ ಹಾಗೆ ಮಾಡದೆ, ಏನೂ ಆಗಿಲ್ಲವೆಂದು ತಪ್ಪಾಗಿ ಬರೆದಿದ್ದೆ. ಕರುಳಿನ ಕಥೆಯೂ ಇದೇ. ಒಳಪದರ ತೆಳುವಾಗುತ್ತದೆ, ಜೀರ್ಣಿಸುವ ಕಿಣ್ವಗಳ ಒಟ್ಟು ಪ್ರಮಾಣ ಇಳಿಯುತ್ತದೆ.

ಅಂಥ ಕರುಳಿಗೆ ನೀವು ಗಟ್ಟಿ ಕಾಳು ತುಂಬಿಸಿದ್ದೀರಿ. ಇನ್ನೊಂದು ಅಪಾಯವೂ ಇದೆ. ಹಠಾತ್ತಾಗಿ ಆಹಾರ ಸಿಕ್ಕಿದಾಗ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಜೀವಕೋಶಗಳೊಳಗೆ ನುಗ್ಗುತ್ತವೆ. ರಕ್ತದಲ್ಲಿ ಅವು ಕಡಿಮೆಯಾದರೆ ಹೃದಯ ತಪ್ಪಿ ಬಡಿಯಬಹುದು.

ಮತ್ತೆ ಇಂಥ ಹಕ್ಕಿ ಸಿಕ್ಕರೆ ಮೊದಲು ಬೆಚ್ಚಗಿನ, ಕತ್ತಲೆಯ ಪೆಟ್ಟಿಗೆಯಲ್ಲಿಡಿ. ಬಾಯಿಗೆ ನೀರು ಸುರಿಯಬೇಡಿ, ಉಸಿರಿನ ದಾರಿಗೆ ಹೋಗಿಬಿಡುತ್ತದೆ. ಆದಷ್ಟು ಬೇಗ ಪಶುವೈದ್ಯರಿಗೆ ತೋರಿಸಿ. ಅವರು ಮೊದಲು ದ್ರವ ಕೊಟ್ಟು, ಆಮೇಲೆ ಸುಲಭವಾಗಿ ಜೀರ್ಣವಾಗುವ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಶುರುಮಾಡುತ್ತಾರೆ. ಕಾಳು ಕೊನೆಗೆ. ಕುಸಿದ ಕಿಣ್ವಗಳು ಮರಳಿ ಏರುತ್ತವೆ, ಅದಕ್ಕೆ ಸಮಯ ಕೊಡಬೇಕು ಅಷ್ಟೇ.