ಏಳನೇ ಪುಟದ ಬಾಗಿಲು

ನಮಸ್ಕಾರ ಮೇಡಂ,

ನೀವು ಪತ್ರಿಕೆಗೆ ಕಳಿಸಿದ ಲೇಖನ ‘ಬದಲಾದ ಕಾಲದಲ್ಲಿ ಸ್ತ್ರೀವಾದಿ ಪಾಠ’ ತಲುಪಿತು. 20 ವರ್ಷ ಪಾಠ ಮಾಡಿದ್ದೀರಿ, ಸಾಕಷ್ಟು ಓದಿಕೊಂಡಿದ್ದೀರಿ, ಕಾಗುಣಿತ ತಪ್ಪಿಲ್ಲ. ಹೊಗಳಿಕೆ ಮುಗಿಯಿತು, ಈಗ ಜಗಳಕ್ಕೆ ಬರುತ್ತೇನೆ.

ಮೊದಲ ಸಾಲು: ‘ರಾಜಕೀಯ ಹಾಗೂ ಸಾಮಾಜಿಕ ಬದಲಾವಣೆಗಳು ಸ್ತ್ರೀವಾದಿ ಬೋಧನೆಯ ಮೇಲೆ ಗಾಢ ಪರಿಣಾಮ ಬೀರಿವೆ.’ ಈ ‘ಪರಿಣಾಮ ಬೀರು’ ಕಂಡರೆ ನನಗೆ ಮೈ ಉರಿಯುತ್ತದೆ. 11 ಸಲ ಬಂದಿದೆ, ಎಣಿಸಿದೆ. ಬೀರಿಸಿಕೊಂಡ ಟೀಚರ್ ಮರುದಿನ ತರಗತಿಗೆ ಹೋಗಿ ಏನು ಮಾಡಿದರು?

ಎರಡನೇ ಪ್ಯಾರಾ: ‘2018ರಲ್ಲಿ ಹಂಗೇರಿಯಲ್ಲಿ ಜೆಂಡರ್ ಅಧ್ಯಯನಕ್ಕೆ ಹಿನ್ನಡೆಯಾಯಿತು.’ ತಾನಾಗಿ ಆಯಿತೇ? ಅಲ್ಲಿನ ಸರ್ಕಾರ ಮಾನ್ಯತೆ ಪಡೆದ ಸ್ನಾತಕೋತ್ತರ ಕೋರ್ಸುಗಳ ಪಟ್ಟಿಯಿಂದ ಅದನ್ನು ತೆಗೆದುಹಾಕಿತು. ಸ್ತ್ರೀವಾದದ ಬಗ್ಗೆ ಬರೆಯುವವರೇ ಮಾಡಿದವರ ಹೆಸರು ನುಂಗಿದರೆ ಹೇಗೆ?

ಮುಂದೆ: ‘ಬ್ರಿಟನ್ನಿನ ಸೆಕ್ಷನ್ 28 ಶಿಕ್ಷಕರನ್ನು ಶಿಕ್ಷಿಸಿತು.’ ಇಲ್ಲ. ಸ್ಥಳೀಯ ಆಡಳಿತಗಳು ಸಲಿಂಗಪ್ರೇಮವನ್ನು ‘ಪ್ರೋತ್ಸಾಹಿಸ’ಬಾರದು ಎಂದ ಆ ಕಾನೂನು ಬಂದದ್ದು 1988ರಲ್ಲಿ, ಪೂರ್ತಿ ಹೋದದ್ದು 2003ರಲ್ಲಿ. ಅಷ್ಟು ವರ್ಷಗಳಲ್ಲಿ ಅದರಡಿ ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಆದರೂ ಶಿಕ್ಷಕರು ಬಾಯಿ ಹೊಲಿದುಕೊಂಡರು, ಏನು ಹೇಳಿದರೆ ತಪ್ಪು ಎಂಬುದು ಖಚಿತವಿಲ್ಲದ ಕಾರಣಕ್ಕೇ. ನಿಮ್ಮ ಲೇಖನದ ಜೀವ ಅಲ್ಲಿತ್ತು. ದಾಟಿ ಹೋದಿರಿ.

ನಾನು ಹೊಸದಾಗಿ ಪತ್ರಿಕೆ ಸೇರಿದಾಗ ಹಿರಿಯ ಉಪಸಂಪಾದಕಿಯೊಬ್ಬರು ನನ್ನ ‘ಕ್ರಮ ಕೈಗೊಳ್ಳಲಾಗಿದೆ’ಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಅಂಚಿನಲ್ಲಿ ‘ಯಾರ ಕೈ?’ ಎಂದು ಬರೆದು ವಾಪಸ್ ಕೊಡುತ್ತಿದ್ದರು. ಅವಮಾನವಾಗಿ ಒಂದು ವಾರ ಅವರ ಮೇಜಿನ ಕಡೆ ಸುಳಿಯಲಿಲ್ಲ. ಅವರು ನಿವೃತ್ತರಾದ ಮೇಲೂ ಎಷ್ಟೋ ದಿನ, ಬರೆದದ್ದನ್ನು ಕೊಡುವ ಮುಂಚೆ ನಾನೇ ಕೆಂಪು ಪೆನ್ನು ಹಿಡಿದು ಆ ಕೈ ಹುಡುಕುತ್ತಿದ್ದೆ.

ಇಷ್ಟು ಬೈದರೂ ನಿಮ್ಮ ಹಸ್ತಪ್ರತಿ ಇನ್ನೂ ನನ್ನ ಮೇಜಿನ ಮೇಲಿದೆ. ಕಾರಣ, ಏಳನೇ ಪುಟದಲ್ಲಿ ನೀವು ಕಂಸದೊಳಗೆ ಅವಿಸಿಟ್ಟ ಒಂದು ಸಾಲು: ‘ಮೊದಲು ಹುಡುಗಿಯರು ಬಿಚ್ಚಿ ಮಾತಾಡಲೆಂದು ಬಾಗಿಲು ಹಾಕುತ್ತಿದ್ದೆ, ಈಗ ಯಾರೂ ಅನುಮಾನಪಡದಿರಲೆಂದು ತೆರೆದಿಡುತ್ತೇನೆ.’ ಓದಿ ಎದ್ದು ಒಂದು ಸುತ್ತು ಹಾಕಿ ಬಂದೆ.

ಕಂಸ ತೆಗೆಯಿರಿ. ಬಾಗಿಲು ತೆರೆದಿಟ್ಟ ಮೊದಲ ದಿನ ಯಾವ ಪಾಠವಿತ್ತು? ಮಾತು ಅರ್ಧಕ್ಕೆ ನಿಲ್ಲಿಸಿದವಳು ಯಾರು? ಫೋನ್ ಎತ್ತಿ ರೆಕಾರ್ಡ್ ಮಾಡಿದವರಿದ್ದರೇ? 2017ರ ಮೀಟೂ ಬಗ್ಗೆ ಒಂದೂವರೆ ಪುಟ ಬರೆದಿದ್ದೀರಲ್ಲ, ಅದೂ ಇದೇ ಬಾಗಿಲಿಂದ ಒಳಗೆ ಬರಲಿ. ಆಗ ಹುಡುಗಿಯರು ನಿಮ್ಮನ್ನು ಏನು ಕೇಳಿದರು, ನೀವು ಏನನ್ನು ಹೇಳದೆ ಉಳಿಸಿಕೊಂಡಿರಿ, ಅಷ್ಟು ಸಾಕು.

14 ಪುಟ ಬೇಡ, ನಾಲ್ಕು ಕಳಿಸಿ.

ಇಂತಿ,
ಸಂಪಾದಕ