ಸಂಪಾದಕರ ಉತ್ತರ: ಕೊಟ್ಟಿಗೆಯ ಕೆಲಸ ಮೈಗೆ ಮೀರಿದಾಗ

ಮಾನ್ಯರೇ,

ಜಗಳೂರು ತಾಲ್ಲೂಕಿನಿಂದ ನೀವು ಬರೆದ ಪತ್ರ ತಲುಪಿದೆ. 64ರ ವಯಸ್ಸಿನಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದೀರಿ, ಎರಡೂ ಮೊಣಕಾಲು ಸವೆದಿವೆ. ಮನೆಯಲ್ಲಿ ನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು, ಒಂದು ಜೊತೆ ವಯಸ್ಸಾದ ಎತ್ತು, 18 ಕುರಿಗಳಿವೆ. ಬೆಂಗಳೂರಿನಲ್ಲಿರುವ ಮಗ ಎಲ್ಲವನ್ನೂ ಮಾರಿಬಿಡಿ ಎನ್ನುತ್ತಾನೆ, ನಿಮಗೆ ಇನ್ನೊಂದು ವರ್ಷ ನೋಡುವ ಆಸೆ. ಯಾವುದನ್ನು ಮೊದಲು ಕಳಿಸಬೇಕು, ಎಷ್ಟು ಉಳಿಸಿಕೊಳ್ಳಬಹುದು ಎಂದು ಕೇಳಿದ್ದೀರಿ.

ಇನ್ನೊಂದು ವರ್ಷ ಕಾಯಬೇಡಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಮೈ ಹಗುರವಾಗಿರುವ ದಿನ ಎಷ್ಟು ದನ ನೋಡಿಕೊಳ್ಳಬಲ್ಲಿರಿ ಎಂದು ಲೆಕ್ಕ ಹಾಕದೆ, ಹಾಸಿಗೆಯಿಂದ ಏಳಲಾಗದ ದಿನವೂ ಮನೆಯಲ್ಲಿ ಮೇವು, ನೀರು, ಹಾಲು ಕರೆಯುವುದು ಎಷ್ಟಕ್ಕೆ ಸಾಧ್ಯವೆಂದು ನೋಡಿ. ಆ ದಿನ ಕೆಲಸವೆಲ್ಲ ನಿಮ್ಮ ಮನೆಯವರ ಮೇಲೆ ಬೀಳುತ್ತದೆ. ಪತ್ರದಲ್ಲಿ ಅವರ ಪ್ರಸ್ತಾಪ ಒಂದೇ ಸಾಲಿನಲ್ಲಿದೆ. ಅವರ ವಯಸ್ಸೂ ಅರವತ್ತರ ಸಮೀಪವಿರಬೇಕು. ಹಾಲು ಕೊಡುವ ಒಂದು ದೊಡ್ಡ ಹಸುವಿಗೆ ದಿನಕ್ಕೆ 25 ಕಿಲೋದಷ್ಟು ಹಸಿಮೇವು, 60 ಲೀಟರಿಗೂ ಹೆಚ್ಚು ನೀರು ಬೇಕು. ನಾಲ್ಕು ಹಸುಗಳಿಗೆ ದಿನವೂ ಒಂದು ಕ್ವಿಂಟಲ್ ಮೇವು ಕೊಯ್ದು ತರುವುದು ಅವರೊಬ್ಬರಿಂದ ಆಗುವ ಕೆಲಸವೇ ಎಂದು ಅವರನ್ನೇ ಕೇಳಿ, ಅವರು ಹೇಳುವ ಸಂಖ್ಯೆಗೆ ನಿಲ್ಲಿ.

ಮೊದಲು ಕುರಿಗಳು ಹೋಗಲಿ. ಕುರಿ ಮೇಯಿಸುವುದೆಂದರೆ ದಿನವಿಡೀ ನಡೆಯುವುದು. ಮೊಣಕಾಲು ಸವೆದವರಿಗೆ ಅದು ಸಲ್ಲದು. ಟಗರುಗಳನ್ನು ಬಕ್ರೀದ್ ಅಥವಾ ಸುತ್ತಲಿನ ಮಾರಿಹಬ್ಬಗಳಿಗೆ ಮುಂಚೆ ಮಾರಿದರೆ ಬೆಲೆ ಚೆನ್ನಾಗಿರುತ್ತದೆ. ಹೆಣ್ಣು ಕುರಿಗಳನ್ನು ಬಿಡಿಬಿಡಿಯಾಗಿ ಸಂತೆಗೆ ಹೊಡೆಯುವ ಬದಲು ಹಿಂಡು ಬೆಳೆಸುತ್ತಿರುವ ಒಬ್ಬ ಕುರಿಗಾರರಿಗೇ ಕೊಡುವುದು ಲೇಸು. ಗೊಬ್ಬರದ ಚಿಂತೆ ಬೇಡ. ಬೇಸಿಗೆಯಲ್ಲಿ ನಿಮ್ಮ ಸೀಮೆಯಲ್ಲಿ ಸುತ್ತುವ ಕುರಿ ಮಂದೆಗಳನ್ನು ಹೊಲದಲ್ಲಿ ಕೆಲವು ರಾತ್ರಿ ತರುಬಿಸಿದರೆ ಮುಂಗಾರಿಗೆ ಬೇಕಾದ ಗೊಬ್ಬರ ಹೊಲಕ್ಕೇ ಬೀಳುತ್ತದೆ.

ಹಸುಗಳ ವಿಷಯದಲ್ಲಿ ಸಮಯ ನೋಡಿ ಮಾರಬೇಕು. ಎರಡನೆಯ ಅಥವಾ ಮೂರನೆಯ ಸೂಲಿನ ಹಸು ಏಳೆಂಟು ತಿಂಗಳ ಗಬ್ಬವಿದ್ದಾಗ, ಇಲ್ಲವೇ ಕರು ಹಾಕಿದ ಹೊಸತರಲ್ಲಿ ಒಳ್ಳೆಯ ಬೆಲೆ ತರುತ್ತದೆ; ಅದೇ ಹಸು ಹಾಲು ಬತ್ತಿ ಗಬ್ಬವೂ ನಿಲ್ಲದಿದ್ದಾಗ ದಲ್ಲಾಳಿ ಹೇಳಿದ್ದೇ ಬೆಲೆ. ಆಸ್ಪತ್ರೆಗೆ ಸೇರಿದ ಮೇಲೆ ಅವಸರದಲ್ಲಿ ಮಾರುವವರು ಕಳೆದುಕೊಳ್ಳುವುದು ಹೀಗೆಯೇ. ಗುರುತಿಗಾಗಿ ಹಸುವಿನ ಕಿವಿಗೆ ಹಾಕಿದ ಓಲೆಯ 12 ಅಂಕಿಯ ಸಂಖ್ಯೆ, ಕಾಲುಬಾಯಿ ಜ್ವರದ ಲಸಿಕೆ ಮತ್ತು ಕೃತಕ ಗರ್ಭಧಾರಣೆಯ ದಿನಾಂಕಗಳನ್ನು ಬರೆದಿಟ್ಟುಕೊಂಡು ಕೊಳ್ಳುವವರಿಗೆ ತೋರಿಸಿ. ಹೆಚ್ಚು ಹಾಲಿನ ಹಸುವನ್ನೇ ಉಳಿಸಿಕೊಳ್ಳಬೇಕೆಂದು ಅನಿಸುವುದು ಸಹಜ, ಆದರೆ ಕೆಚ್ಚಲು ಬಾವು, ಕರು ಹಾಕಿದ ಹೊಸತರಲ್ಲಿ ಸುಣ್ಣದಂಶ ಕುಸಿದು ಬರುವ ಹಾಲುಜ್ವರ ಹೆಚ್ಚಾಗಿ ಕಾಡುವುದು ಅಂಥವನ್ನೇ. ಹಾಲು ಸ್ವಲ್ಪ ಕಡಿಮೆಯಾದರೂ ಸರಿ, ಒದೆಯದ, ಹಾಯದ, ಮನೆಯವರ ಕೈಗೆ ಒಗ್ಗಿದ ಒಂದು ಹಸುವನ್ನು ಇಟ್ಟುಕೊಳ್ಳಿ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ನುಂಗುವ ಮಾತ್ರೆಗಳಿಂದಾಗಿ ಕೊಂಬು ತಾಗಿದ ಸಣ್ಣ ಗಾಯದ ರಕ್ತವೂ ಬೇಗ ನಿಲ್ಲುವುದಿಲ್ಲ. ಹಾಗೆಂದು ವೈದ್ಯರನ್ನು ಕೇಳದೆ ಮಾತ್ರೆ ಬಿಡಲೂ ಬಾರದು. ಸೂಲಿನ ರಾತ್ರಿ ಕರು ಎಳೆಯಲು ನೀವು ಮುಂದಾಗದೆ ಪಶುವೈದ್ಯರನ್ನು ಕರೆಸಿ.

ಹಾಲು ಉತ್ಪಾದಕರ ಸಂಘದ ಸದಸ್ಯತ್ವದ ಬಗ್ಗೆ ಒಂದು ಮಾತು. ವರ್ಷದಲ್ಲಿ ಇಂತಿಷ್ಟು ಹಾಲು ಹಾಕಿದವರಿಗೆ ಮಾತ್ರ ಮತದಾನದ ಹಕ್ಕು ಎಂಬ ನಿಯಮ ಸಂಘಗಳಲ್ಲಿರುತ್ತದೆ. ಒಂದೇ ಹಸುವಿನ ಹಾಲು ಅದಕ್ಕೆ ಸಾಲುತ್ತದೆಯೇ ಎಂದು ಮಾರುವ ಮುನ್ನವೇ ಕಾರ್ಯದರ್ಶಿಯವರಲ್ಲಿ ವಿಚಾರಿಸಿ. ಜಾನುವಾರು ವಿಮೆ ಇದ್ದರೆ ಹಸು ಕೈ ಬದಲಾದುದನ್ನು ತಿಳಿಸಿ.

ಎತ್ತುಗಳನ್ನು ಇಟ್ಟುಕೊಳ್ಳಿ. ಉಳುಮೆ ಟ್ರ್ಯಾಕ್ಟರಿನಲ್ಲೇ ನಡೆಯುತ್ತಿದೆ ಎಂದು ನೀವೇ ಬರೆದಿದ್ದೀರಿ, ಹಾಗಾಗಿ ಅವುಗಳಿಗೆ ಕೆಲಸವಿಲ್ಲ ನಿಜ; ಆದರೆ ಮಾರುವುದೂ ಕಷ್ಟ. 2021ರಲ್ಲಿ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಜಾರಿಗೆ ಬಂದ ಮೇಲಂತೂ ಗೇಯದ ಎತ್ತನ್ನು ಯಾರೂ ಸುಲಭವಾಗಿ ಕೊಳ್ಳುವುದಿಲ್ಲ. ಇಷ್ಟು ವರ್ಷ ನಿಮ್ಮ ಹೊಲ ಉತ್ತ ಜೀವಗಳನ್ನು ಗುರುತಿಲ್ಲದವರ ಕೈಗೆ ಒಪ್ಪಿಸಲು ನಿಮಗೂ ಮನಸ್ಸಿಲ್ಲವೆಂಬುದು ಪತ್ರದಲ್ಲಿ ಕಾಣುತ್ತದೆ, ಆ ಮನಸ್ಸು ಸರಿಯಾದದ್ದೇ. ಒಣ ಸಪ್ಪೆ (ಜೋಳದ ದಂಟು), ಶೇಂಗಾ ಹೊಟ್ಟು, ನೀರು ಕೊಟ್ಟರೆ ಅವುಗಳ ಕಾಲ ಕಳೆಯುತ್ತದೆ. ಕುರಿ ಮಾರಿದ ಹಣದಲ್ಲಿ ಒಂದು ಪಾಲನ್ನು ಅವುಗಳ ಮೇವಿಗೆ ತೆಗೆದಿರಿಸಿ, ಸಪ್ಪೆ ತಂದು ಬಣವೆ ಒಟ್ಟುವ ಕೆಲಸಕ್ಕೆ ಸುಗ್ಗಿಯಲ್ಲಿ ಎರಡು ದಿನ ರಜೆ ಹಾಕಿ ಬರುವಂತೆ ಮಗನಿಗೆ ಈಗಲೇ ಹೇಳಿಡಿ.

— ಸಂಪಾದಕ