ಮ್ಯೂಸಿಯಂ ಪ್ರದರ್ಶನಕ್ಕೆ ಮಾಜಿ ಸೈನಿಕರನ್ನು ಯಾವಾಗ ಕರೆಯಬೇಕು?

ಯುದ್ಧದ ಪ್ರದರ್ಶನಕ್ಕೆ ಬೋರ್ಡುಗಳ ಬರಹವೆಲ್ಲ ಸಿದ್ಧವಾಗಿದೆ, ಈಗ ಮಾಜಿ ಸೈನಿಕರಿಗೆ ತೋರಿಸಿ ಒಪ್ಪಿಗೆ ಪಡೆದರೆ ಸಾಕಾ ಎಂದು ಕೇಳಿದ್ದೀರಿ. ಸಾಕಾಗುವುದಿಲ್ಲ, ಬರೆಯುವ ಮುಂಚೆಯೇ ಅವರನ್ನು ಕರೆಯಬೇಕು.

ಇಂಥ ಪ್ರದರ್ಶನಗಳಿಗೆ ಬರಹ ಬರೆಯುವುದು ನನ್ನ ಕೆಲಸ. ಒಮ್ಮೆ ನಾವೂ ಹೀಗೆಯೇ ಮಾಡಿದ್ದೆವು. ಬೋರ್ಡುಗಳು ಅಚ್ಚಾದ ಮೇಲೆ ಕೆಲವರನ್ನು ಕರೆದೆವು. ಒಬ್ಬ ಹಿರಿಯರು ಗಾಜಿನ ಪೆಟ್ಟಿಗೆಯೊಂದರ ಮುಂದೆ ತುಂಬಾ ಹೊತ್ತು ನಿಂತರು. ಒಳಗೆ ಸೈನಿಕರ ನೀರಿನ ಬಾಟಲಿ. ಕೆಳಗೆ ಅದರ ಲೋಹ, ಅಳತೆ, ತಯಾರಾದ ವರ್ಷ. "ಅರ್ಧ ನೀರಿದ್ದರೆ ನಡೆಯುವಾಗ ಕುಲುಕುತ್ತೆ. ಶತ್ರುವಿಗೆ ಸದ್ದು ಕೇಳಿಸುತ್ತೆ. ರಾತ್ರಿ ಗಸ್ತಿಗೆ ಹೊರಡೋ ಮುಂಚೆ ಬಾಯಿಮಟ್ಟ ತುಂಬಿಸ್ತಿದ್ವಿ" ಅಂದರು. ನಾವು ಬರೆಯಬೇಕಿದ್ದುದು ಅದನ್ನೇ ಅಲ್ವಾ? ಸೇರಿಸಲು ಜಾಗವಿರಲಿಲ್ಲ. ಆ ಬೇಸರ ನನಗೆ ಇನ್ನೂ ಹೋಗಿಲ್ಲ.

ತಡವಾಗಿ ಕರೆದರೆ ಬರೀ ಮಾಹಿತಿಯಷ್ಟೇ ಅಲ್ಲ, ನಂಬಿಕೆಯೂ ಹೋಗುತ್ತದೆ. ಹಿರೋಷಿಮಾ ಮೇಲೆ ಬಾಂಬ್ ಹಾಕಿದ ಎನೋಲಾ ಗೇ ವಿಮಾನದ ಸುತ್ತ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ಒಂದು ದೊಡ್ಡ ಪ್ರದರ್ಶನ ಯೋಜಿಸಿತ್ತು. ಮಾಜಿ ಸೈನಿಕರ ಸಂಘಟನೆಗಳು ಬರಹದ ಕರಡನ್ನು ಕಟುವಾಗಿ ವಿರೋಧಿಸಿದವು. ಮತ್ತೆ ಮತ್ತೆ ತಿದ್ದಿದರೂ ಜಗಳ ನಿಲ್ಲಲಿಲ್ಲ. 1995ರ ಜನವರಿಯಲ್ಲಿ ಆ ಯೋಜನೆಯನ್ನೇ ಕೈಬಿಟ್ಟರು. ಇತಿಹಾಸಕಾರರಿಗೂ ಅದರಿಂದ ನೋವಾಯಿತು. ಕೆನಡಾದ ಯುದ್ಧ ಮ್ಯೂಸಿಯಂ ಕೂಡ ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಮೇಲೆ ವಿಮಾನಗಳಿಂದ ನಡೆದ ಬಾಂಬ್ ದಾಳಿಯ ಬಗ್ಗೆ ಹಾಕಿದ್ದ ಒಂದು ಫಲಕದ ಮಾತುಗಳನ್ನು ಬದಲಿಸಲು 2007ರಲ್ಲಿ ಒಪ್ಪಬೇಕಾಯಿತು. ಆ ವಿಮಾನಗಳಲ್ಲಿ ಹಾರಿದವರಿಗೆ ತಮ್ಮನ್ನು ಅಪರಾಧಿಗಳಂತೆ ತೋರಿಸಿದ್ದಾರೆ ಅನ್ನಿಸಿತ್ತು.

ಹಾಗಂತ ಅವರು ಹೇಳಿದ್ದೆಲ್ಲ ಬರೆಯಿರಿ ಅಂತಲ್ಲ. ನೆನಪಿನಲ್ಲಿ ತಾರೀಖು ತಪ್ಪುತ್ತದೆ, ಊರು ಅದಲುಬದಲಾಗುತ್ತದೆ. ಪಡೆಯ ದಿನಚರಿ ದಾಖಲೆಗಳ ಜೊತೆ ಹೋಲಿಸಿ ನೋಡುತ್ತೇವೆ, ಕೊನೆಯ ಬರಹ ಮ್ಯೂಸಿಯಂನದು ಎಂದು ಮೊದಲ ದಿನವೇ ಹೇಳಿಬಿಡಿ. ನೇರವಾಗಿ ಹೇಳಿದರೆ ಅವರು ಬೇಜಾರು ಮಾಡಿಕೊಂಡಿದ್ದನ್ನು ನಾನು ಕಂಡಿಲ್ಲ. ಒಂದೇ ಘಟನೆಯನ್ನು ಇಬ್ಬರು ಬೇರೆ ಬೇರೆಯಾಗಿ ಹೇಳಿದರೆ ಎರಡನ್ನೂ ಪಕ್ಕಪಕ್ಕ ಇಡಿ.

ಪದಕ ಬಂದವರನ್ನೇ ಹುಡುಕಬೇಡಿ. ಅಡುಗೆಯವರು, ಲಾರಿ ಓಡಿಸಿದವರು, ನರ್ಸ್‌ಗಳು, ವೈರ್‌ಲೆಸ್ ಹಿಡಿದು ಕೂತವರು ಎಲ್ಲರೂ ಬೇಕು. ಮಾತಾಡಿಸುವಾಗ ಕೈಗೆ ಒಂದು ವಸ್ತು ಕೊಡಿ. ಸುಮ್ನೆ "ನಿಮ್ಮ ಅನುಭವ ಹೇಳಿ" ಎಂದರೆ ಭಾಷಣ ಬರುತ್ತದೆ, ಹಳೇ ಬೂಟು ಕೊಟ್ಟರೆ ನೆನಪು ಬರುತ್ತದೆ. ಹೇಳಲು ಇಷ್ಟವಿಲ್ಲದ್ದನ್ನು ಕೆದಕಬೇಡಿ. ಹೇಳಿದ ಮೇಲೂ ಬೇಡ ಅನ್ನಿಸಿದರೆ ವಾಪಸ್ ಪಡೆಯುವ ಹಕ್ಕು ಅವರಿಗಿರಲಿ. ವಿನ್ಯಾಸಕಾರರಿಗೆ ದುಡ್ಡು ಕೊಡುತ್ತೀರಲ್ಲ, ಇವರ ಸಮಯಕ್ಕೂ ಕೊಡಿ.

ಗುಂಡಿನ ಸದ್ದು ಹಾಕುವ ಯೋಚನೆ ಇದ್ದರೆ ಜನರಿಗೆ ತೆರೆಯುವ ಮುಂಚೆ ಈ ಮಾಜಿ ಸೈನಿಕರ ಜೊತೆ ಆ ಕೋಣೆಯಲ್ಲಿ ಒಮ್ಮೆ ಓಡಾಡಿ. ಏನು ಸದ್ದು ಬರುತ್ತದೆ ಅಂತ ಮೊದಲೇ ತಿಳಿಸಿ. ಹತ್ತಿರದಲ್ಲೇ ಸದ್ದಿಲ್ಲದ ಜಾಗದಲ್ಲಿ ಎರಡು ಕುರ್ಚಿ ಹಾಕಿಸಿ.

ನಿಮ್ಮ ಬೋರ್ಡುಗಳು ಇನ್ನೂ ಅಚ್ಚಿಗೆ ಹೋಗಿಲ್ಲ ಅಂದರೆ ಒಂದು ತಿಂಗಳು ತಡೆಯಿರಿ.